ಟಿವಿ ಹತ್ತು ನಿಮಿಷಕ್ಕೆ ಕಪ್ಪಾಗ್ತದೆ, ಕಮಾಂಡ್ ಕೊಟ್ಟರೂ ಮಾತು ಕೇಳ್ತಿಲ್ಲ

ಗಲ್ಲಾಪೆಟ್ಟಿಗೆ · ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ರಸ್ತೆ ಕಡೆ ಅಡಿಕೆ ಮಂಡಿ. ಮುಂದಿನ ಹಜಾರದಲ್ಲಿ ಮೂಟೆಗಳ ಮೇಲ್ಗಡೆ, ಎತ್ತರಕ್ಕೆ ಒಂದು ಟಿವಿ ಹೊಡೆಸಿದೀವಿ. ಅದರ ಬೆನ್ನಿಗೆ ರಾಸ್‌ಬೆರಿ ಪೈ ಅನ್ನೋ ಅಂಗೈಯಷ್ಟು ಕಂಪ್ಯೂಟರ್. ಡೆಸ್ಕ್‌ಟಾಪ್ ಏನೂ ಇಲ್ಲ, ಬರೀ ಕರಿ ಪರದೆ, ಬಿಳಿ ಅಕ್ಷರ. ರಾಶಿ, ಬೆಟ್ಟೆ, ಸರಕು, ಗೊರಬಲು, ಈ ನಾಲ್ಕು ತರದ ಅಡಿಕೆಯದ್ದೂ ಆ ದಿನದ ಕನಿಷ್ಠ, ಗರಿಷ್ಠ ದರ ಒಂದು ಸಣ್ಣ ಸ್ಕ್ರಿಪ್ಟ್ ತೋರಿಸ್ತದೆ. ಬೂಟ್ ಆಗುವಾಗಲೇ ಸರ್ವಿಸ್ ಆಗಿ ಶುರುವಾಗ್ತದೆ. 2017ರಲ್ಲಿ ಅಕ್ಕನ ಮಗ ಕೂರಿಸಿಕೊಟ್ಟದ್ದು. ಈಗ ಅವನು ಬೆಂಗಳೂರಲ್ಲಿ. ಫೋನ್ ಮಾಡಿದರೆ ‘ಮಾವ, ಮೀಟಿಂಗಲ್ಲಿದೀನಿ’.

ಇಷ್ಟು ವರ್ಷ ಸರಿ ಇತ್ತು. ಈ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಮೆಮೊರಿ ಕಾರ್ಡ್ ಸತ್ತಿತು. ಅವನು ಮೊದಲ ಸಲ ಮಾಡಿಕೊಟ್ಟಿದ್ದ ಹಳೇ ಕಾರ್ಡ್ ಡ್ರಾಯರಲ್ಲಿತ್ತು, ಅದನ್ನೇ ಹಾಕಿದೆ. ಎಲ್ಲ ಎದ್ದಿತು. ಆದರೆ ಸರಿಯಾಗಿ ಹತ್ತು ನಿಮಿಷ ಆದ ಕೂಡ್ಲೆ ಪರದೆ ಕಪ್ಪು. ಒಳಗೆ ದರ ಬದಲಾಗ್ತಾ ಇದ್ದರೂ ಏಳಲ್ಲ, ಕೀಬೋರ್ಡಿನ ಒಂದು ಕೀಲಿ ಒತ್ತಿದರೆ ಮಾತ್ರ ಏಳ್ತದೆ. ಕೀಬೋರ್ಡ್ ಟಿವಿ ಹಿಂದೆ ನೇತಾಡ್ತಾ ಇದೆ. ಹತ್ತು ನಿಮಿಷಕ್ಕೊಂದು ಸಲ ಸ್ಟೂಲ್ ಹತ್ತುವ ವಯಸ್ಸು ನನ್ನದಲ್ಲ.

ಗಲ್ಲಾದ ಮೇಲಿನ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್‌ನಲ್ಲಿ (ಕೂತಲ್ಲಿಂದಲೇ ಇನ್ನೊಂದು ಕಂಪ್ಯೂಟರಿಗೆ ಕಮಾಂಡ್ ಕೊಡುವ ದಾರಿ) ಪೈ ಒಳಗೆ ಹೋಗಿ, ಪರದೆ ಕಪ್ಪಾಗಬೇಡ ಅಂತ ಹೀಗೆ ಕೊಟ್ಟೆ:

ಸೆಟ್‌ಟರ್ಮ್ --ಬ್ಲ್ಯಾಂಕ್ 0

ಟರ್ಮಿನಲ್ ಎಕ್ಸ್‌ಟರ್ಮ್-256ಕಲರ್ ಇದಕ್ಕೆ ಸಪೋರ್ಟ್ ಮಾಡಲ್ಲ ಅಂತ ಬಂತು. ನನ್ನ ಹತ್ತಿರ ಇರೋದು ಮಾಮೂಲಿ ಟಿವಿ. ಈ ಎಕ್ಸ್‌ಟರ್ಮ್ ಅಂದ್ರೆ ಎಂತದು?

ಜಗಲಿ · ನಿರ್ವಾಹಕ

ಹೊಸಬರಿಗೆ ಒಂದು ಮಾತು. ಇಲ್ಲಿ ಕಮಾಂಡನ್ನೂ ಕನ್ನಡ ಅಕ್ಷರದಲ್ಲೇ ಬರೀತೀವಿ, ಟೈಪ್ ಮಾಡುವಾಗ ಇಂಗ್ಲಿಷ್‌ಗೆ ತಿರುಗಿಸ್ಕೊಳ್ಳಿ. ದೊಡ್ಡಕ್ಷರ ಬೇಕಿದ್ದರೆ ಬಾಯಿಬಿಟ್ಟು ಹೇಳಿ. ಓದದೆ ಕಾಪಿ ಹೊಡೆದು ಅಂಟಿಸಿ ಒಬ್ಬರು ಇಡೀ ಡಿಸ್ಕ್ ತೊಳೆದುಕೊಂಡ ಮೇಲೆ ಮಾಡಿದ ನಿಯಮ ಇದು, ಸಡಿಲಿಸೋದಿಲ್ಲ.

ಆಗುಂಬೆಮಳೆ · ತೀರ್ಥಹಳ್ಳಿ

ಸುಲಭ ಮಾರಾಯ್ರೆ. ಪೈಗೆ ನೀವು ಎಕ್ಸ್‌ಟರ್ಮ್ ಅಂತ ಕಾಣ್ತಾ ಇದೀರಿ. ಅದಕ್ಕೆ ಸುಳ್ಳು ಹೇಳಿ:

ಟರ್ಮ್=ಲಿನಕ್ಸ್ ಸೆಟ್‌ಟರ್ಮ್ --ಬ್ಲ್ಯಾಂಕ್ 0

(ಶುರುವಿನ ಟರ್ಮ್ ಮಾತ್ರ ದೊಡ್ಡಕ್ಷರ. ಎದುರಿನ ಪರದೆ ಯಾವ ಜಾತಿ ಅಂತ ಹೇಳೋದು ಅದೇ.) ಎರರ್ ಹೋಗ್ತದೆ ನೋಡಿ.

ಗಲ್ಲಾಪೆಟ್ಟಿಗೆ

ಎರರ್ ಹೋಯ್ತು. ಖುಷಿಯಲ್ಲಿ ಕಾಫಿಗೆ ಹೋಗಿ ಬಂದೆ. ಟಿವಿ ಕಪ್ಪು.

ಆಗುಂಬೆಮಳೆ

ಹಂಗಾದ್ರೆ ಟಿವಿದೇ ದೋಷ ಇರಬೇಕು. ಇಲ್ಲಾ ಎಚ್‌ಡಿಎಂಐ ಕೇಬಲ್ ಬದಲಿಸಿ ನೋಡಿ.

ಸೀತಾಳೆದಂಡೆ · ಹೊಸನಗರ

ಕೇಬಲ್ ಬದಲಿಸಬೇಡಿ ಅಣ್ಣಾ, ಅದರದ್ದು ಏನೂ ತಪ್ಪಿಲ್ಲ. ಟಿವಿದೂ ಅಲ್ಲ. ನೀವು ಕೊಟ್ಟ ಕಮಾಂಡ್ ಸರಿಯಾಗಿಯೇ ಕೆಲಸ ಮಾಡಿದೆ, ನಿಮ್ಮ ಲ್ಯಾಪ್‌ಟಾಪಿನ ಕಿಟಕಿಯ ಮೇಲೆ.

ಸೆಟ್‌ಟರ್ಮ್ ಪೈ ಒಳಗೆ ಓಡಿದ್ದು ನಿಜ. ಆದರೆ ಬ್ಲ್ಯಾಂಕ್ 0 ಅಂದಾಗ ಅದು ಮಾಡೋದು ಇಷ್ಟೇ: ಕಣ್ಣಿಗೆ ಕಾಣದ ಒಂದು ಸಾಲು ಅಕ್ಷರ ಮುದ್ರಿಸ್ತದೆ. ಎಸ್ಕೇಪ್ ಅನ್ನೋ 27ನೇ ಅಕ್ಷರ, ಅದಾದ ಮೇಲೆ [9;0] ಅಷ್ಟೇ. ಆ ಅಕ್ಷರಗಳು ಯಾವ ಪರದೆಗೆ ಹೋಗ್ತವೋ ಆ ಪರದೆ ‘ಓ, ನಾನು ಮಲಗಬಾರದು’ ಅಂದುಕೊಳ್ತದೆ. ನೀವು ಎಸ್‌ಎಸ್‌ಎಚ್‌ನಲ್ಲಿ ಕೂತಿದೀರಿ, ಹಾಗಾಗಿ ಅವು ತಂತಿಯಲ್ಲಿ ವಾಪಸ್ ಬಂದು ಲ್ಯಾಪ್‌ಟಾಪಿಗೆ ಬಿದ್ದವು. ಲ್ಯಾಪ್‌ಟಾಪಿನ ಟರ್ಮಿನಲ್‌ಗೆ ಆ ಮಾತು ಅರ್ಥವಾಗಲ್ಲ, ಸುಮ್ಮನೆ ನುಂಗಿಕೊಂಡಿತು. ತೀರ್ಥಹಳ್ಳಿಗೆ ಹೋಗಬೇಕಾದವನು ಸಾಗರದ ಬಸ್ ಹತ್ತಿ ನಿದ್ದೆ ಹೊಡೆದ ಹಾಗೆ ಆಯ್ತು.

ಮೊದಲು ಬಂದ ಎರರ್ ಅದನ್ನೇ ಹೇಳ್ತಿತ್ತು: ‘ಈಗ ನನ್ನೆದುರು ಇರೋದು ಎಕ್ಸ್‌ಟರ್ಮ್ ಜಾತಿಯ ಪರದೆ, ಅದಕ್ಕೆ ಈ ಮಾತು ಬರಲ್ಲ’. ಅದು ಎಚ್ಚರಿಕೆ. ಆಗುಂಬೆಮಳೆ ತಮ್ಮ ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದ, ಸಮಸ್ಯೆ ಇದ್ದಲ್ಲೇ ಇತ್ತು.

ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಲ್ಲಿ ಬರೀ ಟಿಟಿವೈ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ. /ಡೆವ್/ಪಿಟಿಎಸ್/0 ಅಂತೇನೋ ಬರ್ತದೆ. ಅದು ನಿಮ್ಮ ಕಿಟಕಿಯ ವಿಳಾಸ. ಟಿವಿಯ ವಿಳಾಸ /ಡೆವ್/ಟಿಟಿವೈ1. ಈಗ ಅಲ್ಲಿಗೇ ಏನಾದರೂ ಕಳಿಸಿ:

ಎಕೋ ನಮಸ್ಕಾರ > /ಡೆವ್/ಟಿಟಿವೈ1

ಆಗುಂಬೆಮಳೆ

ಅಕ್ಕ, ತಪ್ಪಾಯ್ತು. ನನ್ನ ಮನೆ ಪೈನಲ್ಲಿ ಇದೇ ಕಮಾಂಡ್ ನಡೀತಿತ್ತು. ಈಗ ಗೊತ್ತಾಯ್ತು, ನಾನು ಪೈಗೇ ಕೀಬೋರ್ಡ್ ಚುಚ್ಚಿ ಕೂತಿರ್ತಿದ್ದೆ.

ಗಲ್ಲಾಪೆಟ್ಟಿಗೆ

ಪರ್ಮಿಷನ್ ಡಿನೈಡ್. ಮುಂದೆ ಸುಡೋ ಹಾಕಿದೆ, ಆಗಲೂ ಪರ್ಮಿಷನ್ ಡಿನೈಡ್. ಸುಡೋ ಅಂದ್ರೆ ಯಜಮಾನಿಕೆ ಅಂತ ತಿಳ್ಕೊಂಡಿದ್ದೆ, ಇಲ್ಲಿ ಯಜಮಾನನ ಮಾತೂ ನಡೀತಿಲ್ಲ.

ಸೀತಾಳೆದಂಡೆ

ಸುಡೋ ಅಧಿಕಾರ ಸಿಗೋದು ಎಕೋಗೆ. ಆದರೆ > ಗುರುತು ನೋಡಿಕೊಳ್ಳೋದು ನಿಮ್ಮ ಶೆಲ್, ಅಂದ್ರೆ ನೀವು ಟೈಪ್ ಮಾಡಿದ್ದನ್ನ ಓದಿ ನಡೆಸೋ ಪ್ರೋಗ್ರಾಮ್. ಸುಡೋ ಏಳೋದಕ್ಕೂ ಮೊದಲೇ ಅದು ನಿಮ್ಮ ಹೆಸರಲ್ಲಿ ಬಾಗಿಲು ತಟ್ತದೆ. ನಿಮ್ಮ ಸ್ಕ್ರಿಪ್ಟ್ ಸರ್ವಿಸ್ ಆಗಿ ಓಡ್ತಿರೋದರಿಂದ ಆ ಬಾಗಿಲು ರೂಟ್‌ದು, ಅಂದ್ರೆ ಸಿಸ್ಟಮ್ಮಿನ ಯಜಮಾನಂದು. ಟಿವಿಯಲ್ಲೇ ನೀವು ಲಾಗಿನ್ ಆಗಿದ್ದಿದ್ದರೆ ಅದು ನಿಮ್ಮ ಹೆಸರಲ್ಲಿ ಇರ್ತಿತ್ತು. ಹೀಗೆ ಮಾಡಿ:

ಎಕೋ ನಮಸ್ಕಾರ | ಸುಡೋ ಟೀ /ಡೆವ್/ಟಿಟಿವೈ1

ಇಲ್ಲಿ ಬಾಗಿಲು ತೆಗೆಯೋದು ಟೀ. ಸುಡೋ ಇರೋದು ಅದರ ಬೆನ್ನಿಗೆ.

ಗಲ್ಲಾಪೆಟ್ಟಿಗೆ

ಬಂತು ಬಂತು! ಟಿವಿ ಮೇಲೆ ಏನೋ ಬಂತು. ಆದರೆ ‘ನಮಸ್ಕಾರ’ ಅಲ್ಲ, ಒಂದೇ ತರದ ಗುರುತು ಸಾಲಾಗಿ ಏಳು. ಲ್ಯಾಪ್‌ಟಾಪಲ್ಲಿ ಸರಿಯಾಗಿ ನಮಸ್ಕಾರ ಅಂತಲೇ ಕಾಣ್ತು.

ಸೀತಾಳೆದಂಡೆ

ಆ ಏಳರ ಕಥೆ ಆಮೇಲೆ, ಚೆನ್ನಾಗಿದೆ ಅದು. ದಾರಿ ಸರಿ ಅಂತ ಖಾತ್ರಿ ಆಯ್ತಲ್ಲ. ಈಗ ಅದೇ ದಾರಿಯಲ್ಲಿ ನಿಜವಾದ ಸಾಮಾನು:

ಸೆಟ್‌ಟರ್ಮ್ --ಟರ್ಮ್ ಲಿನಕ್ಸ್ --ಬ್ಲ್ಯಾಂಕ್ 0 | ಸುಡೋ ಟೀ /ಡೆವ್/ಟಿಟಿವೈ1

ಇಲ್ಲಿ ಲಿನಕ್ಸ್ ಅನ್ನೋದು ಸುಳ್ಳಲ್ಲ, ಟಿಟಿವೈ1 ನಿಜಕ್ಕೂ ಲಿನಕ್ಸ್ ಕನ್ಸೋಲ್. ಹಿಡೀತೋ ಇಲ್ವೋ ಅಂತ ಹತ್ತು ನಿಮಿಷ ಕಾಯಬೇಕಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಆ ಲೆಕ್ಕವನ್ನು ಒಂದು ಫೈಲಲ್ಲಿ ತೋರಿಸ್ತದೆ:

ಕ್ಯಾಟ್ /ಸಿಸ್/ಮಾಡ್ಯೂಲ್/ಕರ್ನಲ್/ಪ್ಯಾರಾಮೀಟರ್ಸ್/ಕನ್ಸೋಲ್‌ಬ್ಲ್ಯಾಂಕ್

ಸೆಕೆಂಡಿನಲ್ಲಿ ಇರ್ತದೆ. ಮೊದಲು 600 ಇದ್ದಿರಬೇಕು, ಈಗ 0 ಬರಬೇಕು.

ಗಲ್ಲಾಪೆಟ್ಟಿಗೆ

0 ಬಂತು! ಅರ್ಧ ಗಂಟೆ ಆಯ್ತು, ಟಿವಿ ಉರೀತಾ ಇದೆ. ಅಕ್ಕಾ, ಮಂಡಿ ಕಡೆ ಬಂದ್ರೆ ಒಂದು ಲೋಟ ಕಷಾಯ ನಿಮಗೆ ಬಾಕಿ.

ಹಳೇಮೇಷ್ಟ್ರು · ಸಾಗರ

ನಾಳೆ ಕರೆಂಟು ಹೋಗಿ ಬಂದರೆ ಮತ್ತೆ 600 ಆಗ್ತದೆ ತಮ್ಮಾ, ಕಷಾಯ ಈಗಲೇ ಕುದಿಸಬೇಡಿ. ಸೆಟ್‌ಟರ್ಮ್ ಹೇಳಿದ್ದು ಪೈ ನೆನಪಿಟ್ಟುಕೊಳ್ಳೋದು ಆರುವವರೆಗೆ ಮಾತ್ರ.

ಬೂಟ್ ಆಗುವಾಗಲೇ ಕರ್ನಲ್ ಕಿವಿಗೆ ಹಾಕಬೇಕು. ನಿಮ್ಮದು ಹಳೇ ಕಾರ್ಡ್, ಹಾಗಾಗಿ /ಬೂಟ್/ಸಿಎಂಡಿಲೈನ್.ಟಿಎಕ್ಸ್‌ಟಿ ಫೈಲ್. (2023ರ ಬುಕ್‌ವರ್ಮ್ ಅನ್ನೋ ಪೈ ಸಿಸ್ಟಮ್ ಆವೃತ್ತಿ ಮತ್ತು ಅದರ ಮುಂದಿನವಲ್ಲಿ ಇದು /ಬೂಟ್/ಫರ್ಮ್‌ವೇರ್ ಒಳಗೆ ಹೋಗಿದೆ.) ಅದರಲ್ಲಿ ಇರೋ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಕನ್ಸೋಲ್‌ಬ್ಲ್ಯಾಂಕ್=0 ಅಂತ ಸೇರಿಸಿ, ರೀಬೂಟ್ ಮಾಡಿ.

ಇಷ್ಟಕ್ಕೂ ಈ ಹತ್ತು ನಿಮಿಷ ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ಹಳೇ ಗಾಜಿನ ಡಬ್ಬಿ ಮಾನಿಟರುಗಳಲ್ಲಿ ಒಂದೇ ಅಕ್ಷರ ದಿನಗಟ್ಟಲೆ ಒಂದೇ ಕಡೆ ನಿಂತರೆ ಪರದೆಯ ರಂಜಕ ಸುಟ್ಟು ಅಲ್ಲೇ ಕಲೆ ಉಳೀತಿತ್ತು. ನಾನು ಕೆಲಸಕ್ಕೆ ಸೇರಿದ ಲ್ಯಾಬಿನ ಹಸಿರು ಪರದೆಯಲ್ಲಿ, ಸ್ವಿಚ್ ಆರಿಸಿದ ಮೇಲೂ ‘ಲಾಗಿನ್’ ಅನ್ನೋ ಪದ ಓದಬಹುದಿತ್ತು. ಅದಕ್ಕೇ ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಕಪ್ಪು ಮಾಡು ಅಂತ ಇಟ್ಟರು. ಗಾಜಿನ ಡಬ್ಬಿ ಗುಜರಿಗೆ ಹೋದರೂ ಹತ್ತು ನಿಮಿಷ ಉಳೀತು. ಲಿನಕ್ಸ್ 4.12ರಿಂದ, ಅಂದರೆ 2017ರಿಂದ ಈಚೆಗೆ ಅದು ತಾನಾಗಿ ಸೊನ್ನೆಯೇ ಇರ್ತದೆ. ಯೂನೇಮ್ -ಆರ್ ಕೊಟ್ಟು ನೋಡಿ, ನಿಮ್ಮ ಡ್ರಾಯರಿನ ಕಾರ್ಡಲ್ಲಿ ಅದಕ್ಕಿಂತ ಹಿಂದಿನದು ಇದ್ದೀತು.

ಗಲ್ಲಾಪೆಟ್ಟಿಗೆ

4.9 ಅಂತ ಇದೆ ಮೇಷ್ಟ್ರೇ. ಹೌದು.

ಆದರೆ ಸೇರಿಸಿ ರೀಬೂಟ್ ಮಾಡಿದ ಮೇಲೂ ಕ್ಯಾಟ್ ಕೊಟ್ಟರೆ 600 ಅಂತಲೇ ಹೇಳ್ತದೆ. ಕೊನೆಯಲ್ಲೇ ಸೇರಿಸಿದೀನಿ.

ಹಳೇಮೇಷ್ಟ್ರು

ಸಾಲಿನ ಕೊನೆಯಲ್ಲೋ, ಫೈಲಿನ ಕೊನೆಯಲ್ಲೋ?

ಗಲ್ಲಾಪೆಟ್ಟಿಗೆ

ಎಂಟರ್ ಹೊಡೆದು ಕೆಳಗಡೆ ಸಾಲಲ್ಲಿ.

ಹಳೇಮೇಷ್ಟ್ರು

ಆ ಫೈಲಲ್ಲಿ ಎಲ್ಲ ಒಂದೇ ಸಾಲಲ್ಲಿ ಇರಬೇಕು. ಎರಡನೇ ಸಾಲು ಇಲ್ಲ ಅಂತಲೇ ಲೆಕ್ಕ. ಎಂಟರ್ ಅಳಿಸಿ ಮೇಲಕ್ಕೆ ಎಳ್ಕೊಳ್ಳಿ.

ಗಲ್ಲಾಪೆಟ್ಟಿಗೆ

0. ಮೇಷ್ಟ್ರಿಗೂ ಒಂದು ಲೋಟ.

ಕೊನೆಬೆಂಚು · ಭದ್ರಾವತಿ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮೊನ್ನೆ ಲ್ಯಾಬಲ್ಲಿ ನಾನು ಒಂದು ಫೋಟೋ ಫೈಲಿಗೆ ಕ್ಯಾಟ್ ಕೊಟ್ಟುಬಿಟ್ಟೆ. ಬೀಪ್ ಬೀಪ್ ಅಂತ ಕೂಗಿ, ಆಮೇಲೆ ನಾನು ಏನೇ ಟೈಪ್ ಮಾಡಿದ್ರೂ ಅಕ್ಷರದ ಬದಲು ಗೆರೆ, ಮೂಲೆ, ಡಬ್ಬಿ ತರದ ಗುರುತು. ವೈರಸ್ ಅಂತ ಹೆದರಿ ಪ್ಲಗ್ ಕಿತ್ತೆ. ಪ್ಲಗ್ ಕಿತ್ತಿದ್ದಕ್ಕೆ ಬೈಸಿಕೊಂಡೆ, ಕಾರಣ ಮಾತ್ರ ಯಾರೂ ಹೇಳಲಿಲ್ಲ.

ಜಗಲಿ · ನಿರ್ವಾಹಕ

ಇದಕ್ಕೆ ಬೇರೆ ಎಳೆ ಶುರು ಮಾಡಿ ತಮ್ಮಾ.

ಸೀತಾಳೆದಂಡೆ

ಇರಲಿ ಬಿಡಿ ಜಗಲಿಯವರೇ, ಇದು ಅದೇ ಎಳೆ. ಪರದೆಗೆ ಹೋಗುವ ಅಕ್ಷರಗಳಲ್ಲೇ ಅಪ್ಪಣೆಗಳೂ ಬೆರೆತು ಹೋಗ್ತವೆ ಅಂತ ಹೇಳಿದೆನಲ್ಲ. ಫೋಟೋ ಫೈಲಲ್ಲಿ 0ಯಿಂದ 255ರವರೆಗಿನ ಯಾವ ಸಂಖ್ಯೆಯೂ ಇರಬಹುದು. ನಡುವೆ 7 ಬಂದರೆ ಗಂಟೆ ಹೊಡೀತದೆ, ಅದೇ ನಿನ್ನ ಬೀಪ್. 14 ಬಂದರೆ ‘ಇನ್ನು ಮುಂದೆ ಎರಡನೇ ಅಕ್ಷರಮಾಲೆ ಬಳಸು’ ಅಂತ ಅರ್ಥ. ಎಷ್ಟೋ ಸಲ ಆ ಎರಡನೇ ಮಾಲೆ ಡಬ್ಬಿ ಗೆರೆ ಎಳೆಯೋದು. ಪರದೆ ಕೆಟ್ಟಿರಲಿಲ್ಲ, ವಿಧೇಯವಾಗಿ ಫೋಟೋ ಹೇಳಿದ್ದನ್ನ ಕೇಳ್ತಿತ್ತು.

ಪ್ಲಗ್ ಕೀಳೋದು ಬೇಡ. ಕಾಣದಿದ್ದರೂ ರೀಸೆಟ್ ಅಂತ ಕುರುಡಾಗಿ ಟೈಪ್ ಮಾಡಿ ಎಂಟರ್ ಹೊಡಿ.

ಹಳೇಮೇಷ್ಟ್ರು

ಎಂಟರೂ ಕೆಲಸ ಮಾಡದ ಪರಿಸ್ಥಿತಿ ಬರ್ತದೆ. ಆಗ ಕಂಟ್ರೋಲ್-ಜೆ, ರೀಸೆಟ್, ಮತ್ತೆ ಕಂಟ್ರೋಲ್-ಜೆ.

ಇದರ ಜೊತೆ ಇನ್ನೊಂದು ಭೂತ ಬಿಡಿಸಿಬಿಡ್ತೀನಿ. ಫೈಲ್ ಸೇವ್ ಮಾಡೋ ಅಭ್ಯಾಸದಲ್ಲಿ ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಸ್ ಒತ್ತಿ, ಪರದೆ ಕಲ್ಲಾಯ್ತು ಅಂತ ಕಿಟಕಿಯನ್ನೇ ಮುಚ್ಚುವವರಿದ್ದಾರೆ. ಟೈಪ್ ಮಾಡುವ ಟೆಲಿಪ್ರಿಂಟರ್ ಯಂತ್ರಗಳ ಕಾಲದಿಂದ ಅದು ‘ಸ್ವಲ್ಪ ನಿಲ್ಲು’ ಅನ್ನೋ ಸನ್ನೆ. ಕಂಟ್ರೋಲ್-ಕ್ಯೂ ‘ಸರಿ, ಹೊರಡು’. ನಮ್ಮ ಬಸ್ ಕಂಡಕ್ಟರುಗಳ ಒಂದು ಸೀಟಿ, ಎರಡು ಸೀಟಿ ಇದ್ದಂಗೆ. ಬೇಡವೇ ಬೇಡ ಅಂದ್ರೆ ಎಸ್‌ಟಿಟಿವೈ -ಇಕ್ಸಾನ್. ಟಿಟಿವೈ ಅನ್ನೋ ಹೆಸರೇ ಆ ಟೆಲಿಟೈಪ್ ಯಂತ್ರದ್ದು.

ಕೊನೆಬೆಂಚು

ರೀಸೆಟ್‌ಗೂ ಎಸ್‌ಟಿಟಿವೈ ಸೇನ್‌ಗೂ ಏನು ವ್ಯತ್ಯಾಸ ಸಾರ್? ಎರಡನ್ನೂ ಹೇಳ್ತಾರೆ.

ಸೀತಾಳೆದಂಡೆ

ಒಳ್ಳೇ ಪ್ರಶ್ನೆ, ಗಲ್ಲಾಪೆಟ್ಟಿಗೆಯವರಿಗೂ ಬೇಕಾಗುವಂಥದ್ದು. ಎಲ್ಲ ಕಮಾಂಡೂ ಒಂದೇ ದಾರಿಯಲ್ಲಿ ಹೋಗಲ್ಲ.

ಟಿಪುಟ್ (ಪರದೆಗೆ ಬಣ್ಣ, ಕರ್ಸರ್ ಬಗ್ಗೆ ಅಪ್ಪಣೆ ಕೊಡೋ ಕಮಾಂಡ್) ಮತ್ತು ಸೆಟ್‌ಟರ್ಮ್‌ನ ಬಹುಪಾಲು ಆಯ್ಕೆಗಳು ಅಕ್ಷರ ಮುದ್ರಿಸುವ ಜಾತಿ. ಬೇರೆ ಪರದೆಗೆ ಹೇಳಬೇಕಿದ್ದರೆ > ಹಾಕಿ ಅತ್ತ ತಿರುಗಿಸಬೇಕು. ಎಸ್‌ಟಿಟಿವೈ ಏನನ್ನೂ ಮುದ್ರಿಸದೆ ಪರದೆಗೂ ಪ್ರೋಗ್ರಾಮಿಗೂ ನಡುವೆ ಕೂತ ಕರ್ನಲ್ ಜೊತೆ ನೇರ ಮಾತಾಡ್ತದೆ, ಅದೂ ಇನ್‌ಪುಟ್ ಕಡೆಯಿಂದ. ಹಾಗಾಗಿ ಅದಕ್ಕೆ ಬಾಣ ತಿರುಗಿಸಿ ಹಾಕಬೇಕು: ಎಸ್‌ಟಿಟಿವೈ ಸೈಜ್ < /ಡೆವ್/ಟಿಟಿವೈ1. ಇಲ್ಲಾ ಸುಡೋ ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈ1 ಸೈಜ್, ಎಫ್ ದೊಡ್ಡಕ್ಷರ (ಬಾಗಿಲು ರೂಟ್‌ದಾಗಿದ್ರೆ ಇದೇ ನಡೆಯೋದು). ಸೆಟ್‌ಟರ್ಮ್ ಒಳಗೂ ಬ್ಲ್ಯಾಂಕ್ ಫೋರ್ಸ್ (ಈಗಲೇ ಕಪ್ಪಾಗು), ಬ್ಲ್ಯಾಂಕ್ ಪೋಕ್ (ಏಳು) ಅಂತ ಎರಡು ಇವೆ, ಅವೂ ಈ ಎರಡನೇ ಜಾತಿ. ಅವಕ್ಕೂ < ಬೇಕು, ಜೊತೆಗೆ ರೂಟ್ ಆಗಿರಬೇಕು. ಇದು ಗೊತ್ತಿಲ್ಲದೆ ನಾನೇ ಒಂದು ಇಡೀ ಸಂಜೆ ಕಳೆದಿದೀನಿ.

ಈಗ ನಿನ್ನ ಪ್ರಶ್ನೆ: ಟೈಪ್ ಮಾಡಿದ್ದು ಕಾಣ್ತಿಲ್ಲ, ಎಂಟರ್ ಹಿಡೀತಿಲ್ಲ ಅಂದ್ರೆ ಕೆಟ್ಟದ್ದು ಕರ್ನಲ್ ಕಡೆ, ಎಸ್‌ಟಿಟಿವೈ ಸೇನ್ ಸಾಕು. ಬಣ್ಣ, ಅಕ್ಷರಮಾಲೆ ಹಾಳಾಗಿದ್ರೆ ಕೆಟ್ಟದ್ದು ಪರದೆ ಕಡೆ, ರೀಸೆಟ್ ಬೇಕು. ರೀಸೆಟ್ ಎರಡನ್ನೂ ತೊಳೀತದೆ.

ಗಲ್ಲಾಪೆಟ್ಟಿಗೆ

ಎಸ್‌ಟಿಟಿವೈ ಸೈಜ್ ನೋಡಿದೆ. ಟಿವಿಗೆ 67 240 ಅಂತ ಬಂತು, ಲ್ಯಾಪ್‌ಟಾಪಿಗೆ 24 80.

ಹಂಗಾದ್ರೆ ನನ್ನ ಇನ್ನೊಂದು ತಾಪತ್ರಯ ಹೇಳಿಯೇ ಬಿಡ್ತೀನಿ. ಅಕ್ಷರ ಇರುವೆ ಸಾಲು. ತೋಟದಿಂದ ಬಂದ ಹಿರಿಯರು ಕಣ್ಣಿಗೆ ಕೈ ಅಡ್ಡ ಹಿಡಿದು, ಮೂಟೆಗೆ ಒರಗಿ, ಕೊನೆಗೆ ‘ಏ ತಮ್ಮಾ, ರಾಶಿ ಎಷ್ಟಾಗಿದೆ ಹೇಳಾ’ ಅಂತ ನನ್ನನ್ನೇ ಕೇಳ್ತಾರೆ. ಟಿವಿ ಯಾಕೆ ಮತ್ತೆ?

ಆಗುಂಬೆಮಳೆ

ಇದು ನನಗೆ ಗೊತ್ತು, ಈ ಸಲ ನೆಟ್ಟಗೆ ಹೇಳ್ತೀನಿ. ಟಿವಿ 1920ಕ್ಕೆ 1080 ಚುಕ್ಕೆ. ಈಗಿನ ಅಕ್ಷರ 8 ಚುಕ್ಕೆ ಅಗಲ, 16 ಎತ್ತರ. 1920 ಭಾಗಿಸು 8, ಅದೇ ನಿಮ್ಮ 240. ಇದನ್ನು 16ಕ್ಕೆ 32 ಮಾಡಿದ್ರೆ 120 ಕಾಲಮ್, 33 ಸಾಲು. ನಾಲ್ಕು ತರದ ಅಡಿಕೆಗೆ ಧಾರಾಳ.

ಸುಡೋ ಸೆಟ್‌ಫಾಂಟ್ -ಸಿ /ಡೆವ್/ಟಿಟಿವೈ1 ಲ್ಯಾಟ್15-ಟರ್ಮಿನಸ್32x16

ಸಿ ದೊಡ್ಡಕ್ಷರ, ಲ್ಯಾಟ್ ಮತ್ತು ಟರ್ಮಿನಸ್‌ನ ಮೊದಲಕ್ಷರ ದೊಡ್ಡದು. ಈ ಸಲ ವಿಳಾಸ ಮರೆತಿಲ್ಲ ನೋಡಿ ಅಕ್ಕಾ. ರೀಬೂಟ್ ಆದರೂ ಉಳೀಬೇಕಿದ್ರೆ ಸುಡೋ ಡಿಪಿಕೆಜಿ-ರೀಕಾನ್ಫಿಗರ್ ಕನ್ಸೋಲ್-ಸೆಟಪ್ ಕೊಡಿ. ಕೇಳ್ತಾ ಹೋಗ್ತದೆ, ಟರ್ಮಿನಸ್, 16x32 ಆರಿಸಿ.

ಗಲ್ಲಾಪೆಟ್ಟಿಗೆ

ಆಹಾ! ಬಾಗಿಲಾಚೆ ನಿಂತವರಿಗೂ ಕಾಣ್ತಿದೆ. ಒಬ್ಬರು ಚೀಲ ಇಳಿಸೋ ಮೊದಲೇ ದರ ಓದಿ ‘ನಾಳೆ ಬರ್ತೀನಿ’ ಅಂತ ವಾಪಸ್ ಹೋದ್ರು. ಇದು ಲಾಭವೋ ನಷ್ಟವೋ ಗೊತ್ತಾಗ್ತಿಲ್ಲ.

ಆದರೆ ಕೆಳಗಡೆ ಒಂದು ಬಿಳಿ ಗೆರೆ ಮಿಣಮಿಣ ಅಂತಿರ್ತದೆ, ಈಗ ಅದೂ ದೊಡ್ಡದಾಗಿದೆ. ನಿನ್ನೆಗಿಂತ ಇಳಿದ ದರ ಕೆಂಪು, ಏರಿದ್ದು ಹಸಿರು ಮಾಡೋಕೂ ಆಸೆ.

ಸೀತಾಳೆದಂಡೆ

ಗೆರೆ ಕರ್ಸರ್‌ದು. ಸ್ಕ್ರಿಪ್ಟ್ ಶುರುವಿನಲ್ಲಿ ಟಿಪುಟ್ ಸಿವಿಸ್, ಮುಗಿಯುವಾಗ ಟಿಪುಟ್ ಸಿನಾರ್ಮ್. ಮುಗಿಯುವಾಗಿನದನ್ನು ಟ್ರ್ಯಾಪ್ (ಸ್ಕ್ರಿಪ್ಟ್ ನಿಲ್ಲುವಾಗ ಓಡೋ ಸಾಲು) ಒಳಗಿಡಿ, ಇಲ್ಲದಿದ್ರೆ ಮಧ್ಯೆ ಸ್ಕ್ರಿಪ್ಟ್ ಸತ್ತರೆ ಕರ್ಸರ್ ಇಲ್ಲದ ಪರದೆ ಉಳೀತದೆ.

ಬಣ್ಣಕ್ಕೆ ಟಿಪುಟ್ ಸೆಟ್‌ಎಎಫ್ 1 ಕೆಂಪು, 2 ಹಸಿರು, ವಾಪಸ್ ಮಾಮೂಲಿಗೆ ಟಿಪುಟ್ ಎಸ್‌ಜಿಆರ್0. 4 ನೀಲಿ, ಅದನ್ನ ಮಾತ್ರ ಕಪ್ಪಿನ ಮೇಲೆ ಹಾಕಬೇಡಿ, ಆಷಾಢದ ಸಂಜೆ ತರ ಏನೂ ಕಾಣಲ್ಲ. ಬರೀ ಬಣ್ಣದ ಮೇಲೆ ಭಾರ ಹಾಕಬೇಡಿ ಅಂತಲೂ ಹೇಳ್ತೀನಿ. ನಮ್ಮ ಅಪ್ಪಯ್ಯನಿಗೆ ಕೆಂಪು ಹಸಿರು ಎರಡೂ ಒಂದೇ, ಹಣ್ಣಡಿಕೆ ಆರಿಸುವಾಗ ಅಮ್ಮ ಪಕ್ಕದಲ್ಲಿರಬೇಕು. ಪಕ್ಕಕ್ಕೆ ಒಂದು + ಅಥವಾ - ಇಡಿ.

ಸರ್ವಿಸ್ ಒಳಗೆ ಟರ್ಮ್ ಅನ್ನೋದು ಖಾಲಿ ಇದ್ದರೆ ಟಿಪುಟ್ ಗೊಣಗ್ತದೆ. ಟಿಪುಟ್ -ಟಿ ಲಿನಕ್ಸ್ ಅಂತ ಕೊಡಿ, ಟಿ ದೊಡ್ಡಕ್ಷರ.

ಕೊನೆಬೆಂಚು

ನಾನು ಹೀಗೇ ಬಣ್ಣ ಹಾಕಿ ಔಟ್‌ಪುಟ್ ಫೈಲಿಗೆ ಉಳಿಸಿದ್ದೆ. ತೆಗೆದು ನೋಡಿದರೆ ಸಂಖ್ಯೆಯ ಅಕ್ಕಪಕ್ಕ [31ಎಂ ಅಂತ ಕಸ.

ಸೀತಾಳೆದಂಡೆ

ಕಸ ಅಲ್ಲ, ಅದೇ ಬಣ್ಣ. ಫೈಲಿಗೆ ಬಣ್ಣ ಗೊತ್ತಿಲ್ಲ, ಅಕ್ಷರ ಅಕ್ಷರವಾಗೇ ಉಳೀತು. ಸ್ಕ್ರಿಪ್ಟಲ್ಲಿ [ -ಟಿ 1 ] ಅಂತ ಮೊದಲು ಕೇಳಿಕೋ (ಇದು ಸಣ್ಣ ಟಿ). ಎದುರಿಗೆ ನಿಜವಾದ ಪರದೆ ಇದ್ದರೆ ಮಾತ್ರ ಅದು ಹೌದು ಅನ್ನತ್ತೆ, ಆಗ ಬಣ್ಣ ಹಚ್ಚು.

ಗಲ್ಲಾಪೆಟ್ಟಿಗೆ

ಈಗ ಆ ಏಳು ಗುರುತಿನ ಕಥೆ? ದರ ಎಲ್ಲ ಇಂಗ್ಲಿಷಲ್ಲಿದೆ. ಗೊರಬಲು ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನನಗೇ ಓದೋಕೆ ಬರಲ್ಲ.

ಹಳೇಮೇಷ್ಟ್ರು

‘ನಮಸ್ಕಾರ’ ಬರೆದರೆ ನಮಗೆ ಕಾಣೋದು ನಾಲ್ಕು ಅಕ್ಷರ. ಕಂಪ್ಯೂಟರಿನೊಳಗೆ ನ, ಮ, ಸ, ಹಲಂತದ ಗುರುತು (ಸ ಅನ್ನು ಸ್ ಮಾಡೋದು), ಕ, ಆ-ಕಾರದ ದೀರ್ಘ, ರ. ಎಣಿಸಿ, ಏಳು. ಲಿನಕ್ಸ್ ಕನ್ಸೋಲ್ ಒಂದೊಂದಕ್ಕೂ ಒಂದೊಂದು ಚೌಕ ಕೊಟ್ಟಿತು. ಅದರ ಫಾಂಟಲ್ಲಿ ಕನ್ನಡ ಇರಲಿಲ್ಲ, ಹಾಗಾಗಿ ಏಳಕ್ಕೂ ‘ಗೊತ್ತಿಲ್ಲ’ ಅನ್ನೋ ಒಂದೇ ಗುರುತು.

ಹಂಗಾದ್ರೆ ಕನ್ನಡ ಫಾಂಟ್ ಹಾಕಿಬಿಡೋಣ ಅನ್ನಬೇಡಿ. ಆ ಕನ್ಸೋಲ್ ಫಾಂಟಿನಲ್ಲಿ ಹಿಡಿಸೋದು ಹೆಚ್ಚೆಂದರೆ 512 ಆಕಾರ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಕೂಡಿಸಿದರೆ ಎಲ್ಲಿಗೆ ಸಾಲ್ತದೆ? ಅದಕ್ಕಿಂತ ದೊಡ್ಡ ತೊಡಕು, ಚೌಕಗಳು ಒಂದರೊಳಗೊಂದು ಬೆರೆಯಲ್ಲ. ಸ್ ಮತ್ತು ಕ ಸೇರಿ ‘ಸ್ಕ’ ಆಗಬೇಕಿದ್ರೆ ಯಾರಾದರೂ ಕೂಡಿಸಬೇಕು, ಕನ್ಸೋಲ್ ಒಳಗೆ ಆ ಕೂಡಿಸೋನು ಇಲ್ಲ. ಕನ್ನಡ 1991ರಲ್ಲಿ ಮೊದಲ ಯೂನಿಕೋಡ್‌ನಲ್ಲೇ ಬಂತು, ಆದರೆ ಈ ಚೌಕದ ಅಳತೆ ಅದಕ್ಕೂ ಹಿಂದಿನದು. 1978ರ ವಿಟಿ100 ಟರ್ಮಿನಲ್ 80 ಕಾಲಮ್, 24 ಸಾಲು. ಗಲ್ಲಾದ ಮೇಲಿನ ನಿಮ್ಮ 24 80 ಅದರ ಮೊಮ್ಮಗು. ಆ 80 ಕೂಡ 1928ರ ಐಬಿಎಂ ತೂತಿನ ಕಾರ್ಡಿನ ಅಗಲ. ಇಂಗ್ಲಿಷಿಗೆ ಹೊಲಿದ ಅಂಗಿ ಅದು, ನಮ್ಮ ಒತ್ತಕ್ಷರಕ್ಕೆ ತೋಳು ಸಾಲಲ್ಲ.

ಸೀತಾಳೆದಂಡೆ

ಅಂಗಿ ಬಿಡೋಣ, ಪಟ ಅಂಟಿಸೋಣ. ಕನ್ಸೋಲ್‌ಗೆ ಕನ್ನಡ ಬರಲ್ಲ, ಆದರೆ ಚಿತ್ರ ತೋರಿಸೋಕೆ ಬರ್ತದೆ. ಸ್ಕ್ರಿಪ್ಟ್ ದರವನ್ನ ಕನ್ನಡದಲ್ಲಿ ಒಂದು ಫೈಲಿಗೆ ಬರೀಲಿ. ಆಮೇಲೆ ಮೊದಲ ಕಮಾಂಡ್ ಅದನ್ನ ಚಿತ್ರ ಮಾಡ್ತದೆ, ಎರಡನೆಯದು ಆ ಚಿತ್ರವನ್ನ ಟಿವಿಗೆ ಹಾಕ್ತದೆ:

ಪ್ಯಾಂಗೋ-ವ್ಯೂ -ಕ್ಯೂ --ಫಾಂಟ್="ಗುಬ್ಬಿ 60" --ಔಟ್‌ಪುಟ್=ದರ.ಪಿಎನ್‌ಜಿ ದರ.ಟಿಎಕ್ಸ್‌ಟಿ

ಸುಡೋ ಎಫ್‌ಬಿಐ -ಟಿ 1 -ನೋವರ್ಬೋಸ್ ದರ.ಪಿಎನ್‌ಜಿ

(ಈ ಟಿ ದೊಡ್ಡದು. 1 ಅಂದ್ರೆ ಟಿಟಿವೈ1, ಇಲ್ಲೂ ವಿಳಾಸವೇ.) ಮೇಷ್ಟ್ರು ಹೇಳಿದ ಕೂಡಿಸೋನು ಪ್ಯಾಂಗೋ ಜೊತೆಗಿದ್ದಾನೆ, ಒತ್ತಕ್ಷರ ಸರಿಯಾಗಿ ಕೂರಿಸ್ತಾನೆ. ಗುಬ್ಬಿ, ನವಿಲು ಎರಡೂ ಡೆಬಿಯನ್‌ನಲ್ಲಿ (ಪೈ ಸಿಸ್ಟಮ್ಮಿನ ಮೂಲ) ಸಿಗುವ ಕನ್ನಡ ಫಾಂಟು. ಹೀಗೆ ಮಾಡಿದರೆ ಟಿಪುಟ್ ಬಣ್ಣ ಹೋಗ್ತದೆ, ಅಷ್ಟು ನಷ್ಟ ಇದೆ.

ಗಲ್ಲಾಪೆಟ್ಟಿಗೆ

ಎರಡು ದಿನ ಹಿಡೀತು, ಆದರೆ ಆಯ್ತು. ‘ಗೊರಬಲು’ ಅಂತ ಕನ್ನಡದಲ್ಲಿ ಗೇಣುದ್ದ ಅಕ್ಷರ. ಬಣ್ಣ ಬೇಡ, + - ಸಾಕು.

ಈಗ ಕೊನೇ ಪೀಡೆ. ಹತ್ತು ನಿಮಿಷಕ್ಕೆ ಹೋಗ್ತಿದ್ದುದು ನಿಂತಿತು. ಆದರೆ ಬೆಳಿಗ್ಗೆ 9ಕ್ಕೆ ಹಚ್ಚಿದ್ದು ಮಧ್ಯಾಹ್ನ 1ಕ್ಕೆ ಆರಿತು. ನಿನ್ನೆಯೂ ಹಂಗೇ. ಕನ್ಸೋಲ್‌ಬ್ಲ್ಯಾಂಕ್ 0 ಅಂತಲೇ ಇದೆ.

ಆಗುಂಬೆಮಳೆ

ಕಪ್ಪಾಗ್ತದೋ, ಆರಿಯೇ ಹೋಗ್ತದೋ? ಕೆಂಪು ದೀಪ ಬರ್ತದಾ?

ಗಲ್ಲಾಪೆಟ್ಟಿಗೆ

ಆರಿಯೇ ಹೋಗ್ತದೆ. ಮೂಲೆಯಲ್ಲಿ ಕೆಂಪು ದೀಪ.

ಆಗುಂಬೆಮಳೆ

ಹಂಗಾದ್ರೆ ಈ ಸಲ ನಿಜಕ್ಕೂ ಟಿವಿದೇ! ನಾಲ್ಕು ಗಂಟೆ ಯಾರೂ ರಿಮೋಟ್ ಮುಟ್ಟದಿದ್ರೆ ತಾನೇ ಆರುವ ಆಯ್ಕೆ ಅದರ ಮೆನುವಿನಲ್ಲಿ ಇರ್ತದೆ. ರಿಮೋಟ್ ಹುಡುಕಿ ತೆಗೀರಿ.

ಗಲ್ಲಾಪೆಟ್ಟಿಗೆ

ರಿಮೋಟ್ ತೂಕದ ಬಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ತೆಗೆದೆ. ಇವತ್ತು ಬೆಳಿಗ್ಗೆಯಿಂದ ಉರೀತಾ ಇದೆ, ಈಗ ರಾತ್ರಿ 8, ಅಂಗಡಿ ಬಾಗಿಲು ಹಾಕಿ ಮನೆಗೆ ಬಂದಿದೀನಿ, ಅಲ್ಲಿ ಇನ್ನೂ ಉರೀತಾ ಇದೆ. ಇನ್ವರ್ಟರ್ ಮೇಲೆ ಹೋದ್ರೆ ಬ್ಯಾಟರಿ ಕಥೆ ಮುಗೀತು.

ಸೀತಾಳೆದಂಡೆ

ಸಿಇಸಿ-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಎಚ್‌ಡಿಎಂಐ ತಂತಿಯಲ್ಲೇ ಟಿವಿಗೆ ಏಳು, ಮಲಗು ಅನ್ನಬಹುದು, ಟಿವಿ ಮೆನುವಿನಲ್ಲಿ ಸಿಇಸಿ ಆನ್ ಇದ್ದರೆ.

ಎಕೋ 'ಸ್ಟ್ಯಾಂಡ್‌ಬೈ 0' | ಸಿಇಸಿ-ಕ್ಲೈಂಟ್ -ಎಸ್ -ಡಿ 1

ಏಳಿಸೋಕೆ ಸ್ಟ್ಯಾಂಡ್‌ಬೈ ಬದಲು ಆನ್. 0 ಅಂದ್ರೆ ಟಿವಿಯ ವಿಳಾಸ. ಎರಡನ್ನೂ ಕ್ರಾನ್‌ಟ್ಯಾಬ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ಪಟ್ಟಿ) ಹಾಕಿ: ಏಳೋದಕ್ಕೆ 0 9 * * 1-6, ಮಲಗೋದಕ್ಕೆ 30 18 * * 1-6.

ಗಲ್ಲಾಪೆಟ್ಟಿಗೆ

1-6 ಅಂದ್ರೆ?

ಸೀತಾಳೆದಂಡೆ

ಸೋಮವಾರದಿಂದ ಶನಿವಾರ. ಭಾನುವಾರ ಮಂಡಿ ಇಲ್ಲವಲ್ಲ, ಟಿವಿಗೂ ರಜೆ ಕೊಡಿ.

ಹಳೇಮೇಷ್ಟ್ರು

ಕಷಾಯ ಎಷ್ಟು ಲೋಟ ಆಯ್ತು, ಯಾರಾದ್ರೂ ಲೆಕ್ಕ ಇಟ್ಟಿದೀರಾ?